ಹನ್ನೊಂದು ಚೀಲ ಮಣ್ಣು

ಅಕ್ಟೋಬರ್ 9, ಬುಧವಾರ

"…ಹೊಟ್ಟೆಯಲ್ಲಿರುವ ಹೊತ್ತಿಗೆ" ಎಂದೇನೋ ಶುರು ಮಾಡಿದ್ದ ಕೆರಿಯಪ್ಪ. ವಾಕ್ಯದ ಉಳಿದ ಭಾಗ ನೆನಪಿಗೆ ಬರುತ್ತಿಲ್ಲ. ಆಗ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕಗಳಿಗೆ ಕೆಂಪು ಸುತ್ತು ಹಾಕುತ್ತಿದ್ದೆ. ಕೇಳಿಸಲಿಲ್ಲ ಎಂದಲ್ಲ. ಕೇಳಿಸಿದ್ದನ್ನು ಇಟ್ಟುಕೊಳ್ಳಲಿಲ್ಲ, ಅಷ್ಟೆ.

"ಹಬ್ಬದ ಮುಂಚಿನ ಮೂರು ದಿನ ಬಿಟ್ಟು ಮಣ್ಣು ತೆಗಿಯಾನ ಅಮ್ಮ? ಹುಣ್ಣಿಮೆ ಕಳೀಲಿ" ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿದೆ.

"ಹಬ್ಬ ಯಾವತ್ತು?"

"ಹದಿನೇಳಕ್ಕೆ."

"ಹದಿನೇಳಕ್ಕೆ ಬರಬ್ಯಾಡ್ರಿ, ರಜಾ. ಉಳಿದ ದಿನ ಪಟ್ಟಿ ಹೆಂಗೈತೋ ಹಂಗ."

"ಹೂಂ" ಎಂದ. ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟ. ಅವನು ಕೇಳದೆಯೇ ರಜೆ ಕೊಟ್ಟೆನಲ್ಲ ಎಂದು ಒಂದು ಕ್ಷಣ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಈ ವರ್ಷದ ಕೆಲಸದಲ್ಲಿ ಗೊಂದಲವಿಲ್ಲ. ಅರವತ್ತು ಭತ್ತದ ಗದ್ದೆಗಳು. ಬನವಾಸಿ ಕಡೆ ಇಪ್ಪತ್ತು, ಸಿದ್ದಾಪುರದ ದಾರಿಯಲ್ಲಿ ಇಪ್ಪತ್ತು, ಯಲ್ಲಾಪುರದಲ್ಲಿ ಇಪ್ಪತ್ತು. ಪ್ರತಿ ಗದ್ದೆಯಿಂದ ಒಂದು ಚೀಲ ಮಣ್ಣು, ಒಂದು ಚೀಲ ಎಲೆ. ಮಣ್ಣಿನಲ್ಲಿ ಎಷ್ಟು ಸಾರಜನಕ, ಪೊಟ್ಯಾಷ್, ಸತು ಇದೆ. ಅದರಲ್ಲಿ ಎಲೆಗೆ ಏರಿದ್ದೆಷ್ಟು. ಏರದೆ ಉಳಿದಿದ್ದರೆ ಮಣ್ಣಿನ ಯಾವ ಗುಣ ತಡೆಯಿತು. ಇಲ್ಲಿಯವರೆಗೆ ಮಣ್ಣನ್ನು ಮೇ ತಿಂಗಳಲ್ಲಿ ತೆಗೆಯುತ್ತಿದ್ದರು, ಎಲೆಯನ್ನು ಅಕ್ಟೋಬರಿನಲ್ಲಿ. ನಡುವೆ ಇಡೀ ಮಳೆಗಾಲ ಕೊಚ್ಚಿಕೊಂಡು ಹೋಗುತ್ತದೆ. ಈ ಸಲ ಎರಡೂ ಒಂದೇ ದಿನ, ತೆನೆ ಹೊರಬರುವ ಮುಂಚೆ ಭತ್ತ ಹೊಡೆ ತುಂಬುವ ಹೊತ್ತಿಗೆ. ಈ ಬದಲಾವಣೆ ನನ್ನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೆಚ್ಚಿ ಪತ್ರ ಬರೆದಿದ್ದಾರೆ.

ಕೆರಿಯಪ್ಪ ಈ ಪ್ರಯೋಗಾಲಯಕ್ಕೆ ನನಗಿಂತ ಹಳಬ. ಹದಿಮೂರು ವರ್ಷದಿಂದ ದಿನಗೂಲಿ. ನವೆಂಬರ್ ಹದಿನೈದಕ್ಕೆ ಪ್ರಯೋಗಾಲಯ ನಡೆಸುವ ಸಂಘದ ಸಮಿತಿ ಸೇರಿ ಒಂದು ಖಾಯಂ ಹುದ್ದೆ ತುಂಬುತ್ತದೆ. ನನ್ನ ಪತ್ರವಿದ್ದರೆ ಅದು ಅವನದೇ. ಅವನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಪತ್ರ ಬರೆಯುತ್ತೇನೆ. ಅವನಿಗೂ ಅದು ಗೊತ್ತಿದೆ.

ಅಕ್ಟೋಬರ್ 18, ಶುಕ್ರವಾರ

ಬನವಾಸಿಯ ಇಪ್ಪತ್ತು, ಸಿದ್ದಾಪುರ ದಾರಿಯ ಮೊದಲ ಒಂಬತ್ತು ಗದ್ದೆ ನಾಲ್ಕೇ ದಿನದಲ್ಲಿ ಮುಗಿದಿದ್ದವು. ಆಮೇಲಿನ ಹನ್ನೊಂದಕ್ಕೆ ಮೂರು ದಿನ ಹಿಡಿದಿದೆ. ಹದಿನಾಲ್ಕು, ಹದಿನೈದು, ಹದಿನಾರು. ಹಬ್ಬ ಹತ್ತಿರ ಬಂದರೆ ಕೈಕಾಲು ನಿಧಾನವಾಗುತ್ತವೆ.

ಇವತ್ತು ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿದ ಸೌತೆಕಾಯಿ ಕಡುಬು ತಂದು ಮೇಜಿನ ಮೇಲಿಟ್ಟ. "ಮನೇಲಿ ಕೊಟ್ಟು ಕಳ್ಸಿದಾರೆ ಅಮ್ಮ. ಭೂಮಿಗೆ ಬಡಿಸಿ ಉಳಿದದ್ದು." ಎಲೆ ಒಣಗಿಸುವ ಪೆಟ್ಟಿಗೆಯ ಪಕ್ಕದಲ್ಲಿಟ್ಟೆ, ಆಮೇಲೆ ತಿನ್ನೋಣವೆಂದು.

ಅಕ್ಟೋಬರ್ 30, ಬುಧವಾರ

ಕಡುಬು ಸಿಕ್ಕಿತು. ಇಟ್ಟಿಗೆಯ ಹಾಗಾಗಿತ್ತು.

ಇವತ್ತು ಬರೆಯಬೇಕಾದದ್ದು ಅದಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅರವತ್ತು ಚುಕ್ಕೆಗಳನ್ನು ಹಾಳೆಯ ಮೇಲಿಟ್ಟೆ. ಅಡ್ಡಕ್ಕೆ ಮಣ್ಣಿನ ಸಾವಯವ ಇಂಗಾಲ, ಉದ್ದಕ್ಕೆ ಎಲೆಯ ಸಾರಜನಕ. ನಲವತ್ತೊಂಬತ್ತು ಚುಕ್ಕೆಗಳು ಏರುವ ಗೆರೆಯ ಇಕ್ಕೆಲಗಳಲ್ಲಿ ಶಿಸ್ತಾಗಿ ನಿಂತವು. ಮಣ್ಣು ಕೊಟ್ಟಷ್ಟನ್ನು ಎಲೆ ತೋರಿಸಿತ್ತು. ಹನ್ನೊಂದು ಚುಕ್ಕೆ ಮಾತ್ರ ಎಡಕ್ಕೆ ಒಂದು ಮೂಲೆಯಲ್ಲಿ ಗುಂಪಾಗಿ ಕೂತಿದ್ದವು, ಮದುವೆಮನೆಯಲ್ಲಿ ಯಾರಿಗೂ ಪರಿಚಯವಿಲ್ಲದ ನೆಂಟರಂತೆ.

ಎಲೆ ಚೆನ್ನಾಗಿದೆ, ಮಣ್ಣು ದರಿದ್ರ. ಉಳಿದ ಎಲ್ಲ ಗದ್ದೆಗಳಲ್ಲೂ ಇಂಗಾಲ ನೂರಕ್ಕೆ ಒಂದರ ಮೇಲಿದ್ದರೆ ಇವುಗಳಲ್ಲಿ ಅರ್ಧವೂ ಇಲ್ಲ. ಸತುವಿನದೂ ಅದೇ ಕಥೆ. ಜೇಡಿ ವಿಪರೀತ, ಕಬ್ಬಿಣ ವಿಪರೀತ. ನೀರು ಬಸಿದುಹೋಗದ ಇಂಥ ಹಳದಿ ಮಣ್ಣಿನಲ್ಲಿ ಬೆಳೆದ ಭತ್ತದ ಎಲೆ ಅಷ್ಟು ಹಸಿರಾಗಿ ಇರಲಾರದು.

ಎರಡು ಗಂಟೆ ಯೋಚಿಸಿದೆ. ಹನ್ನೊಂದು ಗದ್ದೆಗಳ ಎಲೆಗಳು ಒಂದರಂತೆ ಇನ್ನೊಂದಿಲ್ಲ, ಗದ್ದೆ ಬೇರೆಯಾದರೆ ಇರಬೇಕಾದಂತೆಯೇ ಇವೆ. ಮಣ್ಣು ಮಾತ್ರ ಹನ್ನೊಂದೂ ಒಂದೇ ತಾಯಿಯ ಮಕ್ಕಳು. ಅಂದರೆ ಎಲೆ ನಿಜ, ಮಣ್ಣು ಸುಳ್ಳು. ಗದ್ದೆಗೆ ಹೋಗಿ ಎಲೆ ಕಿತ್ತಿದ್ದಾನೆ. ಕೆಸರಿನಲ್ಲಿ ಇಳಿದು ಗೇಣು ಆಳ ಅಗೆಯುವ ಕಷ್ಟ ಬೇಡವೆಂದು ಯಾವುದೋ ಒಂದು ಹೊಂಡದ ಪಕ್ಕ ಕೂತು ಹನ್ನೊಂದು ಚೀಲವನ್ನೂ ತುಂಬಿದ್ದಾನೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಚೀಟಿಯ ಮೇಲೆ ಬರೆದ ಹೆಸರು, ಒಳಗಿನ ಮಣ್ಣು ಬೇರೆಯಾದರೆ ಉಳಿದದ್ದೆಲ್ಲ ಬರೀ ಲೆಕ್ಕಾಚಾರ.

ದಿನಾಂಕ ನೋಡಿದೆ. ಹದಿನಾಲ್ಕು, ಹದಿನೈದು, ಹದಿನಾರು. ಹಬ್ಬದ ಆತುರ.

ನನಗೆ ಅನುಮಾನ ಉಳಿದಿಲ್ಲ. ತೀರ್ಮಾನ ಇಷ್ಟು ಚೊಕ್ಕಟವಾಗಿ ಕೂತದ್ದು ಇತ್ತೀಚೆಗೆ ನೆನಪಿಲ್ಲ. ಸಂತೋಷ ಎಂದು ಬರೆದರೆ ತಪ್ಪಾಗುತ್ತದೆ. ಆದರೆ ಊಟ ರುಚಿಸಿತು.

ನವೆಂಬರ್ 6, ಬುಧವಾರ

ಕರೆಸಿ ಕೇಳಿದೆ. ಹಾಳೆ ಮುಂದಿಟ್ಟೆ. ಅವನಿಗೆ ಚುಕ್ಕೆ ಓದಲು ಬರುತ್ತದೆ, ನಾನೇ ಕಲಿಸಿದ್ದು.

"ಇದನ್ನ ನೋಡ್ರಿ. ಈ ಹನ್ನೊಂದು ನಿಮ್ಮೂರ ಕಡೆಯವು."

ನೋಡಿದ. "ಇವು ಗೆರೆ ಬಿಟ್ಟು ಹೊರಗೆ ಬಿದ್ದಾವೆ."

"ಯಾಕ ಬಿದ್ದಾವ?"

ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಗದ್ದಿಗೆ ಹೋಗಿದ್ರಿ?"

"ಹನ್ನೊಂದಕ್ಕೂ ಹೋಗಿದ್ದೆ ಅಮ್ಮ."

"ಗುಂಡಿ ಅಗದ್ರಿ?"

ತನ್ನ ಕೈಗಳನ್ನು ನೋಡಿದ. "ಇಲ್ಲ. ಅಗೀಲಿಲ್ಲ."

ಇನ್ನು ಕೇಳುವುದಕ್ಕೆ ಉಳಿದದ್ದೇನು? ಹದಿಮೂರು ವರ್ಷದ ಮೇಲೆ ಹೀಗೆ ಮಾಡಿದಿರಲ್ಲ ಎಂದೆ. ನನ್ನ ದನಿ ಏರಲಿಲ್ಲ. ಏರಬಾರದೆಂದು ಮೊದಲೇ ಅಂದುಕೊಂಡಿದ್ದೆ.

"ಪುಸ್ತಕದಾಗೆ ಇದ್ದಂಗೆ ಮಾಡ್ಲಿಲ್ಲ, ತಪ್ಪಾತು" ಎಂದ. "ಸುಳ್ಳು ಮಣ್ಣು ಮಾತ್ರ ತರ್ಲಿಲ್ಲ."

ಅಗೆಯದೆ ತಂದ ಮಣ್ಣು ಸುಳ್ಳಲ್ಲದೆ ಮತ್ತೇನು ಎಂದು ಕೇಳಿದೆ. ಮೂಲೆಯಲ್ಲಿದ್ದ ತನ್ನ ಗುದ್ದಲಿ ತೆಗೆದುಕೊಂಡ. ಮರದ ಕೊಡತಿಯನ್ನು ಅದರ ಜಾಗದಲ್ಲಿ ನೆಟ್ಟಗೆ ಒರಗಿಸಿಟ್ಟು ಹೋದ. ಮಣ್ಣಿನ ಹೆಂಟೆ ಒಡೆಯುವ ಆ ಕೊಡತಿಯನ್ನು ಅವನೇ ಹಲಸಿನ ತುಂಡಿನಲ್ಲಿ ಮಾಡಿದ್ದು. ಕಬ್ಬಿಣದ್ದು ತಾಗಿದರೆ ಲೆಕ್ಕ ಕೆಡುತ್ತದೆ ಎಂದು ನಾನು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು.

ನವೆಂಬರ್ 7, ಗುರುವಾರ

ಸಮಿತಿಗೆ ಪತ್ರ ಬರೆದೆ. ಎರಡು ವಾಕ್ಯ. ಎರಡನೆಯದರಲ್ಲಿ ‘ನಂಬಿಕೆ’ ಎಂಬ ಪದ ಇತ್ತು.

ನವೆಂಬರ್ 11, ಸೋಮವಾರ

ಕೆರಿಯಪ್ಪ ಬರುತ್ತಿಲ್ಲ. ಕೆಲಸ ಸಾಗಿದೆ.

ನವೆಂಬರ್ 16, ಶನಿವಾರ

ಹುದ್ದೆ ಅರ್ಜಿ ಹಾಕಿದ್ದ ಇನ್ನೊಬ್ಬ ಹುಡುಗ ಸುಮಂತನಿಗೆ ಸಿಕ್ಕಿದೆ. ಕಾರ್ಯದರ್ಶಿ ಸುಹಾಸ ಆದೇಶದ ಪ್ರತಿ ಹಿಡಿದುಕೊಂಡೇ ಬಂದರು. ಫೋನಿನಲ್ಲಿ ಮನೆಯವರಿಗೆ "ಆನು ಆಮೇಲೆ ಮಾತಾಡ್ತೆ" ಎಂದು ಹೇಳಿ ಕುರ್ಚಿ ಎಳೆದುಕೊಂಡರು.

"ನಿಮ್ಮ ಪತ್ರ ಓದಿದ ಮೇಲೆ ಚರ್ಚೆಯೇ ಆಗಲಿಲ್ಲ ಮೇಡಂ. ಐದು ನಿಮಿಷ. ಉಳಿದ ಹೊತ್ತೆಲ್ಲ ಅವಲಕ್ಕಿಗೆ ಕೊಬ್ಬರಿ ಕಮ್ಮಿ ಆಯ್ತು ಅಂತ ಜಗಳ."

ನಗಬೇಕಾದ ಜಾಗದಲ್ಲಿ ನಕ್ಕೆ.

"ಊರಿನವರು ಅವನಿಗೆ ಹೆಸರಿಟ್ಟಿದ್ದಾರಂತೆ, ಗೊತ್ತಾಯ್ತಾ? ಬಾವಿಮಣ್ಣು ಕೆರಿಯಪ್ಪ. ಒಂದೇ ಬಾವಿ, ಹನ್ನೊಂದು ಚೀಲ."

ಊರಿಗೆ ಅದು ತಲುಪಿದ್ದು ಹೇಗೆ ಎಂದು ಕೇಳಿದೆ. "ಸಮಿತಿಯಲ್ಲಿ ಹದಿನೈದು ಬಾಯಿ ಇದಾವಲ್ಲ ಮೇಡಂ" ಎಂದರು.

ಸುಮಂತ ಚುರುಕಿನವನು, ಡಿಪ್ಲೊಮಾ ಓದಿದ್ದಾನೆ. ಚೀಲದ ಬಾಯಿಗೆ ಅವನು ಹಾಕುವ ಗಂಟು ಸಡಿಲ. ಹೇಳಿಕೊಟ್ಟರೆ ಕಲಿಯುತ್ತಾನೆ. ಗಂಟು ಹೇಗೆ ಹಾಕುವುದೆಂದು ತೋರಿಸಲು ಹೋದೆ, ನನಗೂ ಬರಲಿಲ್ಲ.

ನವೆಂಬರ್ 20, ಬುಧವಾರ

ಹನ್ನೊಂದು ಗದ್ದೆಗಳ ಮಣ್ಣನ್ನು ಮತ್ತೆ ತೆಗೆಯಲು ಸುಮಂತನನ್ನು ಕರೆದುಕೊಂಡು ನಾನೇ ಹೋದೆ. ನಲವತ್ತೊಂಬತ್ತಕ್ಕೇ ವರದಿ ಮುಗಿಸಬಹುದಿತ್ತು. ಅರ್ಧಂಬರ್ಧದ ಅಂಕಿ ನನಗೆ ಆಗುವುದಿಲ್ಲ.

ಮೊದಲ ಗದ್ದೆ ಮಂಜಿಯದು. ಐವತ್ತರ ಆಸುಪಾಸಿನ ಹೆಂಗಸು, ಗದ್ದೆ ಅವಳ ಹೆಸರಿನಲ್ಲೇ ಇದೆ. ಕೊಯ್ಲು ಅರ್ಧ ಆಗಿತ್ತು. ಕತ್ತಿ ಹಿಡಿದೇ ಎದ್ದು ನಿಂತಳು.

"ಎಂತ ಅಮ್ಮ, ಮತ್ತೆ ಮಣ್ಣು ಬೇಕಾ? ಆವಾಗ ತಗಂಡು ಹೋದ್ದು ಖರ್ಚಾತಾ?"

"ಅದು ಈ ಗದ್ದೀದಲ್ಲ ಅನಸ್ತೈತ್ರಿ."

"ಅಲ್ದೆ ಮತ್ತೆಲ್ಲಿದು? ನನ್ನ ಕಣ್ಣೆದ್ರಿಗೇ ತಗಂಡಿದ್ದು!" ಎಂದಳು. ದನಿಯಲ್ಲಿ ಸಿಟ್ಟಿತ್ತು, ತನ್ನ ಗದ್ದೆಯ ಮಣ್ಣಲ್ಲ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ. "ಬೆಳಿಗ್ಗೆ ಬಂದವ ಎರಡು ತಾಸು ಇದೇ ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಳಿದಿದ್ದೇ ಬಳಿದಿದ್ದು ಕೆರಿಯಪ್ಪಣ್ಣ. ಕೈಯಲ್ಲಿ ಒಂದು ಮರದ ಚಮಚ. ಏಡಿಗೆ ಕೂಲಿ ಎಷ್ಟು ಕೊಡ್ತ್ಯ ಅಣ್ಣ ಅಂತ ನಾನು ನಗಾಡಿದ್ದೆ."

ಏಡಿ ಎಂದರೆ ಯಾವ ಏಡಿ ಎಂದು ಕೇಳಿದೆ. ಅವಳು ನನ್ನನ್ನು ಒಂದು ಸಲ ನೋಡಿ, ಕತ್ತಿಯ ತುದಿಯಿಂದ ಅಂಚಿನ ಬುಡ ತೋರಿಸಿದಳು. ಹೆಬ್ಬೆರಳು ಹೋಗುವಷ್ಟು ಒಂದು ತೂತು. ಅದರ ಬಾಯಿಗೆ ಗೋಲಿಯಂಥ ಹಳದಿ ಮಣ್ಣಿನ ಉಂಡೆಗಳ ಸಣ್ಣ ರಾಶಿ. ಅಲ್ಲಿಂದ ನಾಲ್ಕು ಹೆಜ್ಜೆಗೆ ಇನ್ನೊಂದು. ಆಮೇಲೆ ಮತ್ತೊಂದು. ಒಂಬತ್ತು ವರ್ಷದಿಂದ ಈ ಅಂಚುಗಳ ಮೇಲೆ ನಡೆದಿದ್ದೇನೆ.

"ಹೆಗಲ ಮೇಲೆ ಗುದ್ದಲಿ ಇರಲಿಲ್ಲೇನು ಅವರ ಹತ್ರ?"

"ಇತ್ತಲ್ಲ. ಹೊತ್ಕಂಡೇ ಇದ್ದ."

"ಮತ್ತ ಯಾಕ…"

"ಹುಣ್ಣಿಮಿಗೆ ಎರಡು ದಿನ ಇತ್ತಲ್ಲ ಅಮ್ಮ!" ಚಿಕ್ಕ ಹುಡುಗಿಗೆ ಹೇಳುವಂತೆ ಹೇಳಿದಳು. "ಭತ್ತ ಹೊಡೆ ತುಂಬಿ ನಿಂತಿರ್ತದೆ. ಭೂಮ್ತಾಯಿ ಬಸುರಿ. ಹುಣ್ಣಿಮೆ ದಿನ ಬಯಕೆ ಊಟ ಹಾಕ್ಬೇಕು ಅವಳಿಗೆ. ನಮ್ಮ ಕೇರೀಲಿ ಅದಕ್ಕೆ ಮೂರು ದಿನ ಮುಂಚಿಂದ ಮಣ್ಣಿಗೆ ಕಬ್ಬಿಣ ತಾಗ್ಸಲ್ಲ. ಹೊಟ್ಟೆಯಲ್ಲಿ ಪಿಂಡ ಇಟ್ಕಂಡವಳಿಗೆ ಗುದ್ದಲಿ ಹಾಕ್ತಾರ ಯಾರಾದ್ರೂ?"

ನಾನು ಬಗ್ಗಿ ಒಂದು ಉಂಡೆ ಎತ್ತಿಕೊಂಡೆ.

"ನಿಮ್ಮ ಚೀಲನೂ ತುಂಬಬೇಕು, ಅವಳಿಗೂ ನೋವಾಗ್ಬಾರ್ದು. ಏಡಿ ತೋಡಿ ಹೊರಗೆ ಹಾಕಿದ್ದು ತಗಂಡ್ರೆ ನಂಗೆ ದೋಷ ಇಲ್ಲ, ತೋಡಿದ ಪಾಪ ಏಡಿಗೆ ಅಂದ. ಈ ಗದ್ದೆದೇ ಮಣ್ಣು, ಬೇರೆ ಅಂಚಿಂದು ಒಂದು ಉಂಡೆನೂ ಮುಟ್ಟಲಿಲ್ಲ. ಒಂದು ಚೀಲಕ್ಕೆ ಎಷ್ಟು ಏಡಿ ಬೇಕು ಲೆಕ್ಕ ಹಾಕಿ ನೀವು!"

ಸುಮಂತ ನಕ್ಕುಬಿಟ್ಟ. ನಾನು ಅವನ ಕಡೆ ನೋಡಿದೆ. ಯಾಕೆ ಹಾಗೆ ನೋಡಿದೆನೋ, ಪಾಪ, ಗಾಬರಿಯಾದ.

ಗದ್ದೆಯ ನಡುವೆ ಗೇಣು ಆಳ ಅಗೆಸಿದೆ. ಕಪ್ಪಗೆ, ಪುಡಿಪುಡಿಯಾಗಿ, ಕೊಳೆತ ಬೇರಿನ ವಾಸನೆಯ ಮಣ್ಣು ಬಂತು. ಏಡಿ ಎರಡು ಮೂರು ಅಡಿ ಕೆಳಗಿನದನ್ನು ಎತ್ತಿ ಹಾಕುತ್ತದೆ. ಗೊಬ್ಬರ ಕಾಣದ, ಎಲೆ ಉದುರದ, ಬೇರು ಇಳಿಯದ ಮಣ್ಣು. ಈ ಕಣಿವೆಯ ಅಡಿಯೆಲ್ಲ ಒಂದೇ ಜೇಡಿ. ಹನ್ನೊಂದೂ ಒಂದೇ ತಾಯಿಯ ಮಕ್ಕಳಂತೆ ಕಂಡದ್ದು ಅದಕ್ಕೆ.

ಕೆರಿಯಪ್ಪ ಮೂರು ದಿನ ತೆಗೆದುಕೊಂಡಿದ್ದರು. ಅದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಈ ಪುಸ್ತಕದಲ್ಲೇ ಬರೆದಿದ್ದೇನೆ. ಮೋಸ ಮಾಡುವವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ ಎಂದು ಯೋಚಿಸಲು ಎಂಥ ವಿದ್ಯೆಯೂ ಬೇಡ.

ಉಳಿದ ಹತ್ತು ಗದ್ದೆಗಳಿಗೂ ಹೋದೆವು. ಎಲ್ಲೆಡೆ ಅಂಚಿನ ಬುಡ ನೋಡಿದೆ. ಎಲ್ಲೆಡೆ ಇತ್ತು.

ನವೆಂಬರ್ 28, ಗುರುವಾರ

ಹನ್ನೊಂದು ಚುಕ್ಕೆಗಳೂ ಗೆರೆಗೆ ಬಂದು ನಿಂತವು. ಒಂದಂತೂ ಗೆರೆಯ ಮೇಲೆಯೇ. ಕೊಯ್ಲಿನ ಹೊತ್ತಿನ ಮಣ್ಣು ಎಂದು ಅಡಿಟಿಪ್ಪಣಿ ಹಾಕಬೇಕು. ಎಲೆಗಳಲ್ಲಿ ಒಂದೂ ತಪ್ಪಿಲ್ಲ. ಅವರು ಕಿತ್ತ ಅರವತ್ತು ಕಂತೆಗಳಲ್ಲಿ ಒಂದೂ ಇಲ್ಲ.

ಹಳೆಯ ಹನ್ನೊಂದು ಚೀಲಗಳನ್ನು ಬಿಸಾಡಲಿಲ್ಲ. ಈ ಕಣಿವೆಯ ಮೂರು ಅಡಿ ಕೆಳಗಿನ ಲೆಕ್ಕ ನಮ್ಮ ಹತ್ತಿರ ಇರಲೇ ಇಲ್ಲ. ಬೇರೆ ಪುಸ್ತಕ ಮಾಡಿದ್ದೇನೆ. ಚೀಟಿಯಲ್ಲಿ ‘ತೆಗೆದವರು’ ಎಂಬಲ್ಲಿ ಅವರ ಹೆಸರೇ ಇದೆ.

ಬೆಳಿಗ್ಗೆಯಿಂದ ಅವರಿಗೆ ಆರು ಸಲ ಫೋನ್ ಮಾಡಿದೆ. ಬಂದ್ ಇದೆ.

ಡಿಸೆಂಬರ್ 1, ಭಾನುವಾರ

ಸಿದ್ದಾಪುರದ ಬಸ್ಸಿನಲ್ಲಿ ಹೋಗಿ, ಅರ್ಧ ದಾರಿಗೆ ಇಳಿದು ನಡೆದೆ. ಅವರ ಮನೆಗೆ ನಾನು ಹೋದದ್ದು ಇದೇ ಮೊದಲು. ಹೆಂಡತಿ ಚೌಡಮ್ಮ ಅಂಗಳದಲ್ಲಿ ಭತ್ತ ಕೆದರುತ್ತಿದ್ದರು. ನನ್ನ ಗುರುತು ಹತ್ತಿತು. ಕಾಲಿನಿಂದ ಭತ್ತ ಕೆದರುವುದನ್ನು ನಿಲ್ಲಿಸಲಿಲ್ಲ.

"ಅವ್ರು ಇಲ್ಲ. ಹಾನಗಲ್ ಕಡೆ ಗೋವಿನಜೋಳ ಮುರ್ಯಾಕೆ ಹೋಗಿದಾರೆ, ಗುಂಪಿನ ಜೊತೆ."

ಐವತ್ತೆಂಟನೆಯ ವಯಸ್ಸಿನಲ್ಲಿ.

"ಫೋನ್ ಹತ್ತಂಗಿಲ್ಲ…"

"ಇಲ್ಲೇ ಬಿಟ್ಟು ಹೋಗಿದಾರೆ. ಬಾವಿಮಣ್ಣು ಅಂತ ಕರ್ಯಾಕೆ ಅಂತ್ಲೇ ಕೆಲವ್ರು ಫೋನ್ ಮಾಡ್ತಿದ್ರು."

ಬಂದ ಕಾರಣ ಹೇಳಿದೆ. ಚುಕ್ಕೆ, ಗೆರೆ, ಏಡಿ, ಎಲ್ಲ. ತಪ್ಪು ನನ್ನದು ಎಂದೆ. ಅವರು ಕೇಳಿಸಿಕೊಂಡು, ಕಾಲು ಕೊಡವಿ, ಜಗಲಿಗೆ ಬಂದು ಕೂತರು. "ಕೂರಿ" ಎಂದರು. ಅವರ ತಲೆಯ ಮೇಲೆ ಗೋಡೆಗೆ ಹಬ್ಬದ ಬುಟ್ಟಿ ತೂಗುಹಾಕಿತ್ತು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಭತ್ತದ ಸಸಿಗಳ ಸಾಲು ಬರೆದದ್ದು. ಭೂಮಿಗೆ ಊಟ ಹೊತ್ತುಕೊಂಡು ಹೋದ ಬುಟ್ಟಿ. ಗೆರೆಗಳು ನನ್ನ ಹಾಳೆಯ ಗೆರೆಗಿಂತ ನೇರವಾಗಿದ್ದವು.

"ಆವತ್ತೇ ಯಾಕ ಹೇಳ್ಲಿಲ್ಲ ಅವರು?"

"ನೀವು ಕೇಳಿದ್ರಾ?"

"ಅಗದ್ರೇನು ಅಂತ ಕೇಳ್ದೆ."

"ಅಗೀಲಿಲ್ಲ ಅಂದ್ರಲ್ಲ. ನೀವು ಕೇಳಿದ್ದಕ್ಕೆ ಖರೆ ಹೇಳಿದ್ರು." ಸೆರಗಿನ ಧೂಳು ಕೊಡವುತ್ತ, "ಮೂರು ದಿನ ಬಿಟ್ಟು ಮಾಡಾನ ಅಂತ ಮೊದ್ಲೇ ಕೇಳಿದ್ರಂತಲ್ಲ ನಿಮ್ಮನ್ನ" ಎಂದರು.

ಕೇಳಿದ್ದರು. ಒಂದು ದಿನ ರಜೆ ಕೊಟ್ಟಿದ್ದೆ.

ಒಳಗೆ ಹೋಗಿ ಮಜ್ಜಿಗೆ ತಂದರು. ಕೊಡುವಾಗ ಕೇಳಿದರು: "ಹಬ್ಬದ ಕಡುಬು ಕಳ್ಸಿದ್ದೆ. ಉಪ್ಪು ಸರಿ ಇತ್ತಾ?"

ಸರಿ ಇತ್ತು ಎನ್ನಬಹುದಿತ್ತು. "ತಿನ್ನಲೇ ಇಲ್ರಿ. ಎಲ್ಲೋ ಇಟ್ಟು ಮರತೆ. ಒಣಗಿ ಹೋತು" ಎಂದೆ.

ಚೌಡಮ್ಮ ನನ್ನ ಮುಖ ನೋಡಿ ಮೊದಲ ಸಲ ನಕ್ಕರು. "ಅದನ್ನಾದ್ರೂ ಖರೆ ಹೇಳಿದ್ರಿ."

ಡಿಸೆಂಬರ್ 3, ಮಂಗಳವಾರ

ಸಮಿತಿಗೆ ಎರಡನೆಯ ಪತ್ರ. ಈ ಸಲ ಎರಡು ಪುಟ. ಸುಹಾಸ ಓದಿ ಕನ್ನಡಕ ತೆಗೆದರು.

"ಸುಮಂತನ ಆದೇಶ ಹೋಗಿಯಾಯ್ತು ಮೇಡಂ. ವಾಪಸ್ ತಗೊಳ್ಳೋಕೆ ಬರಲ್ಲ. ಇನ್ನೊಂದು ಹುದ್ದೆ ಇನ್ನು ಮೂರು ವರ್ಷ ಇಲ್ಲ. ಅಷ್ಟರಲ್ಲಿ ಅವನ ವಯಸ್ಸು…"

"ಗೊತ್ತೈತ್ರಿ. ಆದ್ರ ಮೊದಲಿನ ಪತ್ರ ಹೆಂಗ ಗಟ್ಟಿಯಾಗಿ ಓದಿದ್ರೋ ಇದನ್ನೂ ಹಂಗ ಓದಬೇಕು. ಹದಿನೈದು ಬಾಯಿಗೂ ಕೇಳೂ ಹಂಗ. ನಾನೇ ಬಂದು ಓದ್ತೀನಿ."

"ಮೇಡಂ, ಇದರಲ್ಲಿ ನಿಮ್ಮ ಹೆಸರು ಕೆಡ್ತದೆ. ವೇಳಾಪಟ್ಟಿ ತಪ್ಪು ಅಂತ ನೀವೇ ಬರ್ದಿದೀರಿ. ಧಾರವಾಡದವರು ಓದಿದ್ರೆ?"

"ಅವರಿಗೂ ಒಂದು ಪ್ರತಿ ಹೋಗೈತ್ರಿ" ಎಂದೆ.

ಹದಿಮೂರನೆಯ ತಾರೀಖು ಸಭೆ. ನನಗೆ ಅಳುಕಿಲ್ಲ. ಓದುವ ಪತ್ರ ಸರಿಯಾಗಿದೆ. ಆದರೂ ಅದರಿಂದ ಹುದ್ದೆ ಬರುವುದಿಲ್ಲ. ಬೆನ್ನಿನ ಮೇಲೆ ಗೋವಿನಜೋಳದ ಚೀಲ ಹೊತ್ತು ನಡೆಯುವವರಿಗೆ ಹೆಸರು ಮರಳಿ ಬಂದರೆ ಭಾರ ಎಷ್ಟು ಕಡಿಮೆಯಾಗುತ್ತದೆ, ಅದನ್ನು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ.

ಡಿಸೆಂಬರ್ 6, ಶುಕ್ರವಾರ

ಹೊಸ ವರ್ಷದ ಕ್ಯಾಲೆಂಡರ್ ಬಂತು. ಹಳೆಯದರ ಮೊಳೆಗೇ ತೂಗುಹಾಕಿದೆ. ಕೆಂಪು ಪೆನ್ನು ಹಿಡಿದು ಅಕ್ಟೋಬರ್ ತೆರೆದೆ. ಹುಣ್ಣಿಮೆ ಏಳಕ್ಕೆ ಬಿದ್ದಿದೆ. ಸುಮಂತ, "ಯಾವ ದಿನಗಳಿಗೆ ಸುತ್ತು ಹಾಕ್ತೀರಿ ಮೇಡಂ?" ಎಂದು ಕೇಳಿದ. ಇನ್ನೂ ಗೊತ್ತಿಲ್ಲ, ಕೇಳಬೇಕು ಎಂದೆ. ಯಾರನ್ನು ಎಂದು ಅವನು ಕೇಳಲಿಲ್ಲ.

ಪೆನ್ನಿನ ಮುಚ್ಚಳ ಹಾಕಿ ಮೊಳೆಯ ಪಕ್ಕದಲ್ಲೇ ಸಿಕ್ಕಿಸಿದ್ದೇನೆ. ಮೂರು ದಿನ ಮುಂಚೆ ಎಂದರು ಮಂಜಿ. ಅದು ಅವರ ಕೇರಿಯ ಲೆಕ್ಕ. ಬನವಾಸಿ ಕಡೆ ಬೇರೆ ಇರಬಹುದು, ಯಲ್ಲಾಪುರದಲ್ಲಿ ಇನ್ನೂ ಬೇರೆ. ಅರವತ್ತು ಗದ್ದೆಗಳ ಅಂಚುಗಳನ್ನೂ ಬಲ್ಲವರು ಒಬ್ಬರೇ.

ಅವಳಿಗೆ ನೋವಾಗದ ಹಾಗೆ ನಾವು ಯಾವಾಗ ಬರಬೇಕು, ಕೆರಿಯಪ್ಪನವರೇ?